ಬಾಯಿಗೂ ಉಪಕಾರಿ ಬ್ಯಾಕ್ಟೀರಿಯಾ: ಹೊಸ ಟೂತ್‌ಪೇಸ್ಟುಗಳಲ್ಲಿ ಎಷ್ಟು ಸತ್ವವಿದೆ?

ಬೆಂಗಳೂರಿನ ಸುದ್ದಗುಂಟೆಪಾಳ್ಯದಿಂದ ಕಾಲ್ನಡಿಗೆಯ ದೂರದಲ್ಲಿ ಡೈರಿ ವೃತ್ತವಿದೆ. ಹಾಲು ಒಕ್ಕೂಟದ ಡೈರಿ ಇರುವುದು ಅಲ್ಲಿಯೇ. ಪಕ್ಕದ ಆಡುಗೋಡಿಯಲ್ಲಿ 1923ರಲ್ಲಿ ಆರಂಭವಾದ ಹೈನು ಸಂಸ್ಥೆಯು ಈಗ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಾಗಿದೆ. 1995ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯೂ ಆಡುಗೋಡಿಯಲ್ಲೇ ಇದೆ. ಹಾಲನ್ನು ಮೊಸರು ಮಾಡುವ ಹೆಪ್ಪು, ಹಸುವಿನ ಹೊಟ್ಟೆಯಲ್ಲಿ ಹುಲ್ಲನ್ನು ಅರಗಿಸುವ ಅಣುಜೀವಿ, ಇವೆರಡೂ ಈ ಬಡಾವಣೆಗಳಿಗೆ ಹಳೆಯ ಪರಿಚಯ. ಈಗ ಇದೇ ಜಾತಿಯ ಇನ್ನೊಂದು ವಿಷಯ ಪೇಟೆಗೆ ಬಂದಿದೆ. ಹಲ್ಲುಜ್ಜುವ ಪೇಸ್ಟಿನ ಮೂಲಕ ಬಾಯಿಗೆ ಉಪಕಾರಿ ಬ್ಯಾಕ್ಟೀರಿಯಾ ಸೇರಿಸಿದರೆ ಹುಳುಕು ಹಲ್ಲು, ಒಸಡಿನ ರೋಗ, ಬಾಯಿಯ ದುರ್ವಾಸನೆ ಹೋಗುತ್ತವೆಂದು ತಯಾರಕರು ಹೇಳುತ್ತಾರೆ. ಬೆಲೆ ಸಾಮಾನ್ಯ ಪೇಸ್ಟಿನ ಹಲವು ಪಟ್ಟು. ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತಿ ಬಲ್ಲ ರೈತರು ಈ ಮಾತನ್ನು ಒಡನೆ ನಂಬುವುದು ಸಹಜ. ಆದರೆ ಅದೇ ಅನುಭವವನ್ನು ಇಟ್ಟುಕೊಂಡು ಪರಿಶೀಲಿಸಿದರೆ ನಿಜ ಎಷ್ಟು, ಉತ್ಪ್ರೇಕ್ಷೆ ಎಷ್ಟು ಎಂಬುದೂ ತಿಳಿಯುತ್ತದೆ.

ಬಾಯಿ ಒಂದು ಫಲವತ್ತಾದ ಹೊಲದಂತೆ. ಹಾಲೆಂಡಿನ ಲೀವೆನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿ ಪಾಚಿಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗ ಅದರಲ್ಲಿ ಓಡಾಡುವ ಜೀವಿಗಳು ಕಂಡವು. ಮಾನವರ ಬಾಯಿಯಲ್ಲಿ 700ಕ್ಕೂ ಹೆಚ್ಚು ಜಾತಿಯ ಬ್ಯಾಕ್ಟೀರಿಯಾಗಳು ಇರುವುದು ಈಗ ಗೊತ್ತಾಗಿದೆ. ಒಂದು ಮಿಲಿಲೀಟರ್ ಜೊಲ್ಲಿನಲ್ಲಿ ಸುಮಾರು ಹತ್ತು ಕೋಟಿ ಜೀವಾಣುಗಳಿರುತ್ತವೆ. ಇವುಗಳಲ್ಲಿ ಬಹುಪಾಲು ನಿರುಪದ್ರವಿಗಳು, ಕೆಲವಂತೂ ಬೇಕಾದವು.

ಹುಳುಕಿಗೆ ಹುಳು ಕಾರಣವಲ್ಲ, ಆಮ್ಲ ಕಾರಣ. ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ಮಿಲ್ಲರ್ 1890ರಲ್ಲಿ ಇದನ್ನು ವಿವರಿಸಿದನು. ಹಲ್ಲಿಗೆ ಅಂಟಿದ ಬ್ಯಾಕ್ಟೀರಿಯಾಗಳು ಸಕ್ಕರೆ, ಬೆಲ್ಲಗಳನ್ನು ಹುದುಗಿಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹಾಲು ಹುಳಿಯಾಗುವುದೂ ಇದೇ ಆಮ್ಲದಿಂದ. ಹಲ್ಲಿನ ಮೇಲ್ಮೈಯಲ್ಲಿ ರಸಸಾರವು 5.5ಕ್ಕಿಂತ ಕೆಳಗಿಳಿದರೆ ಹೊರಕವಚದ ಸುಣ್ಣಾಂಶ ಕರಗತೊಡಗುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ರಸಸಾರ ಕುಸಿದು, ಜೊಲ್ಲಿನ ಪ್ರಭಾವದಿಂದ ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಮತ್ತೆ ಮೇಲೇರುತ್ತದೆಂದು 1940ರ ದಶಕದಲ್ಲಿ ಸ್ಟೀಫನ್ ಎಂಬ ವಿಜ್ಞಾನಿ ಅಳೆದು ತೋರಿಸಿದನು. ದಿನಕ್ಕೆ ಆರೇಳು ಸಲ ಸಕ್ಕರೆ ಹಾಕಿದ ಕಾಫಿ ಕುಡಿಯುವವರ ಬಾಯಿಗೆ ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಇಂತಹ ಹುಳಿ ನೆಲ 1924ರಲ್ಲಿ ಕ್ಲಾರ್ಕ್ ಗುರುತಿಸಿದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮೊದಲಾದವಕ್ಕೆ ಹಿಡಿಸುತ್ತದೆ. ಹುಳಿ ತಾಳದ ಒಳ್ಳೆಯವು ಹಿಂದೆ ಸರಿಯುತ್ತವೆ. ಹುಳಿ ಮಣ್ಣಿನಲ್ಲಿ ರೈಜೋಬಿಯಂ ಸೊರಗುವಂತೆ ಇದೂ ಒಂದು.

ಇದಕ್ಕೆ ಎದುರಾಗಿ ಕೆಲಸ ಮಾಡುವ ಬ್ಯಾಕ್ಟೀರಿಯಾಗಳೂ ಅಲ್ಲಿಯೇ ಇವೆ. ಹೊಲಕ್ಕೆ ಹಾಕಿದ ಯೂರಿಯ ಯೂರಿಯೇಸ್ ಕಿಣ್ವದಿಂದ ಒಡೆದು ಅಮೋನಿಯ ಆಗುವುದು ಎಲ್ಲರಿಗೂ ಗೊತ್ತು. ಜೊಲ್ಲಿನಲ್ಲಿಯೂ ಅಲ್ಪ ಯೂರಿಯ ಇರುತ್ತದೆ. ಸ್ಟ್ರೆಪ್ಟೊಕಾಕಸ್ ಸಲೈವೇರಿಯಸ್ ಅದನ್ನು ಒಡೆದು ಅಮೋನಿಯ ಬಿಡುವುದರಿಂದ ಹುಳಿ ತಗ್ಗುತ್ತದೆ. ಅರ್ಜಿನಿನ್ ಎಂಬ ಅಮೈನೊ ಆಮ್ಲವನ್ನು ಒಡೆದು ಇದೇ ಉಪಕಾರ ಮಾಡುವ ಬೇರೆ ಜಾತಿಗಳೂ ಇವೆ. ನಾಲಿಗೆಯ ಮೇಲಿನ ಕೆಲವು ಬ್ಯಾಕ್ಟೀರಿಯಾಗಳು ಪಾಲಕ್, ದಂಟು, ಬೀಟ್‌ರೂಟ್‌ಗಳಲ್ಲಿನ ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ದೇಹ ಅದರಿಂದ ನೈಟ್ರಿಕ್ ಆಕ್ಸೈಡ್ ತಯಾರಿಸಿಕೊಂಡು ರಕ್ತನಾಳಗಳನ್ನು ಸಡಿಲಿಸುತ್ತದೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 19 ಮಂದಿ ಆರೋಗ್ಯವಂತರು ಒಂದು ವಾರ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಬಾಯಿ ಮುಕ್ಕಳಿಸಿದಾಗ ರಕ್ತದೊತ್ತಡ 2ರಿಂದ 3.5 ಮಿ.ಮೀ. ಏರಿತು. ಕೀಟನಾಶಕ ಸುರಿದು ಮಿತ್ರಕೀಟಗಳನ್ನೂ ಕೊಂದಂತೆ ಇದು. ವೈದ್ಯರು ಹೇಳದೆ ಇಂತಹ ದ್ರಾವಣಗಳನ್ನು ದಿನನಿತ್ಯ ಬಳಸುವುದು ಸರಿಯಲ್ಲ.

ಹಾಗಾದರೆ ಒಳ್ಳೆಯವನ್ನು ಹೊರಗಿನಿಂದ ತಂದು ನೆಲೆಗೊಳಿಸಬಹುದೇ? ಪ್ರಯತ್ನಗಳು ನಡೆದಿವೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾನಿಲಯದ ಜಾನ್ ಟ್ಯಾಗ್ ಆರೋಗ್ಯವಂತರ ಬಾಯಿಂದ ಸ್ಟ್ರೆಪ್ಟೊಕಾಕಸ್ ಸಲೈವೇರಿಯಸ್‌ನ ಕೆ-12 ಎಂಬ ತಳಿಯನ್ನು ಬೇರ್ಪಡಿಸಿದರು. ಗಂಟಲು ನೋವಿನ ರೋಗಾಣುವನ್ನು ತಡೆಯುವ ವಸ್ತುಗಳನ್ನು ಅದು ಸ್ರವಿಸುತ್ತದೆ. ಫಿನ್ಲೆಂಡಿನ ಶಿಶುವಿಹಾರಗಳಲ್ಲಿ 594 ಮಕ್ಕಳ ಮೇಲೆ ಏಳು ತಿಂಗಳು ಪರೀಕ್ಷೆ ನಡೆದು 2001ರಲ್ಲಿ ಫಲಿತಾಂಶ ಬಂತು. ಲ್ಯಾಕ್ಟೊಬ್ಯಾಸಿಲಸ್ ರ್‍ಯಾಮ್ನೋಸಸ್ ಜಿಜಿ ಸೇರಿಸಿದ ಹಾಲು ಕುಡಿದವರಲ್ಲಿ, ವಿಶೇಷವಾಗಿ 3-4 ವರ್ಷದವರಲ್ಲಿ, ಹುಳುಕು ಕಡಿಮೆ ಕಂಡಿತು. ಗಮನಿಸಬೇಕಾದ ಅಂಶವೆಂದರೆ ಅಲ್ಲಿ ಕೊಟ್ಟದ್ದು ಹಾಲಿನಲ್ಲಿ. ಕೆ-12 ಕೊಡುವುದು ಚೀಪುವ ಗುಳಿಗೆಯಲ್ಲಿ. ಎರಡರಲ್ಲಿಯೂ ಬ್ಯಾಕ್ಟೀರಿಯಾ ಜೀವಂತವಾಗಿದ್ದು ಬಾಯಿಯಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಪೇಸ್ಟಿನ ಸಂಗತಿ ಬೇರೆ.

ಪೇಸ್ಟೆಂದರೆ ನೀರು, ಉಜ್ಜುವ ಪುಡಿ, ನೊರೆ ಬರಿಸುವ ಮಾರ್ಜಕ, ಕೆಡದಂತೆ ಕಾಯುವ ರಾಸಾಯನಿಕಗಳ ಮಿಶ್ರಣ. ಮಾರ್ಜಕವು ಜೀವಾಣುವಿನ ಹೊರಪೊರೆಯನ್ನು ಕದಡುತ್ತದೆ, ಕೆಡದಂತೆ ಕಾಯುವ ವಸ್ತುವಿನ ಕೆಲಸವೇ ಅದನ್ನು ಬೆಳೆಯಗೊಡದಿರುವುದು. ಶಿಲೀಂಧ್ರನಾಶಕವನ್ನೂ ರೈಜೋಬಿಯಮ್ಮನ್ನೂ ಒಂದೇ ಬೋಗುಣಿಯಲ್ಲಿ ಕಲಸಬಾರದೆಂದು ರೈತರಿಗೆ ಹೇಳುವುದು ಇದಕ್ಕಾಗಿಯೇ. ಆದ್ದರಿಂದ ಕೆಲವು ತಯಾರಕರು ಒಣಗಿಸಿದ ಬೀಜಕಗಳನ್ನು ಸೇರಿಸುತ್ತಾರೆ, ಕೆಲವರು ಸತ್ತ ಬ್ಯಾಕ್ಟೀರಿಯಾ ಅಥವಾ ಅದರ ಸಾರವನ್ನು ಮಾತ್ರ ಸೇರಿಸುತ್ತಾರೆ. ಸತ್ತದ್ದರಿಂದ ಏನೂ ಪ್ರಯೋಜನವಿಲ್ಲವೆಂದು ಹೇಳಲಾಗದು. ಆದರೆ ಅದು ಬಾಯಿಯಲ್ಲಿ ನೆಲೆ ಊರುವುದಿಲ್ಲ ಎಂಬುದಂತೂ ಖಂಡಿತ. ಜೀವಂತವಿದ್ದರೂ ಎರಡು ನಿಮಿಷ ಉಜ್ಜಿ ಉಗಿದು ಮುಕ್ಕಳಿಸಿದ ಮೇಲೆ ಉಳಿಯುವುದೆಷ್ಟು?

ಇನ್ನೂ ದೊಡ್ಡ ತೊಡಕು ಪೈಪೋಟಿಯದು. ಅಲಸಂದೆ, ಹುರುಳಿಗಳಿಗೆ ಬೇಕಾದ ರೈಜೋಬಿಯಂ ನಮ್ಮ ಮಣ್ಣಿನಲ್ಲಿ ತಲೆಮಾರುಗಳಿಂದ ನೆಲೆಸಿರುವುದರಿಂದ ಹೊಸದಾಗಿ ಲೇಪಿಸಿದ್ದರ ಫಲ ಎಷ್ಟೋ ಕಡೆ ಕಣ್ಣಿಗೆ ಕಾಣುವುದಿಲ್ಲ. ಸೋಯಾ ಅವರೆಯನ್ನು ಮೊದಲ ಸಲ ಬಿತ್ತಿದ ಹೊಲದಲ್ಲಾದರೆ ಅದರದೇ ಜಾತಿಯ ಬ್ಯಾಕ್ಟೀರಿಯಾ ಇಲ್ಲದಿರುವುದರಿಂದ ಲೇಪಿಸಿದ ಗಿಡ ಕಡುಹಸಿರಾಗಿ ನಿಲ್ಲುತ್ತದೆ. ವಯಸ್ಕರ ಬಾಯಿ ಅಲಸಂದೆ ಹೊಲದಂತೆ. ಜಾಗವೆಲ್ಲ ಹಳಬರ ವಶದಲ್ಲಿರುತ್ತದೆ. ಹೊರಗಿನ ತಳಿ ಬಳಸುತ್ತಿರುವಷ್ಟು ಕಾಲ ಪತ್ತೆಯಾಗುತ್ತದೆ. ಬಿಟ್ಟ ಕೆಲವು ದಿನ ಅಥವಾ ವಾರಗಳಲ್ಲಿ ಸಾಮಾನ್ಯವಾಗಿ ಮರೆಯಾಗುತ್ತದೆ.

ಹೊರಗಿನಿಂದ ತಂದ ಬ್ಯಾಕ್ಟೀರಿಯಾ ಗಟ್ಟಿಯಾಗಿ ನೆಲೆಸಿದ ಉದಾಹರಣೆ ಇಲ್ಲವೆಂದಲ್ಲ. ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷವಿದೆ. ಅದನ್ನು ಹೆಚ್ಚಾಗಿ ಮೇಯ್ದ ಆಸ್ಟ್ರೇಲಿಯದ ದನಗಳು ಕೂದಲು ಉದುರಿ ಸೊರಗುತ್ತಿದ್ದವು. ಹವಾಯಿ ದ್ವೀಪದ ಆಡುಗಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಆಡುಗಳ ಮೆಲುಕು ಚೀಲದಲ್ಲಿನ ಬ್ಯಾಕ್ಟೀರಿಯಾ ವಿಷವನ್ನು ಒಡೆಯುತ್ತಿತ್ತು. ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಅದನ್ನು ಆಸ್ಟ್ರೇಲಿಯದ ದನಗಳ ಹೊಟ್ಟೆಗೆ ಸೇರಿಸಿದರು. ಅದು ನೆಲೆಸಿತು, ಮಂದೆಯ ಇತರ ದನಗಳಿಗೂ ಹರಡಿತು. ಸಿನರ್ಜಿಸ್ಟಿಸ್ ಜೋನ್ಸೀ ಎಂದು ಅವರ ಹೆಸರನ್ನೇ ಅದಕ್ಕೆ ಇಡಲಾಗಿದೆ. ಇಲ್ಲಿ ಗೆಲುವಿನ ಗುಟ್ಟು ಎರಡು: ಆ ಕೆಲಸ ಮಾಡುವವರು ಅಲ್ಲಿ ಬೇರೆ ಯಾರೂ ಇರಲಿಲ್ಲ, ಮತ್ತು ಅದಕ್ಕೆ ಬೇಕಾದ ಆಹಾರ ಮೇವಿನಲ್ಲಿ ದಿನವೂ ಬರುತ್ತಿತ್ತು. ಬಾಯಿಯಲ್ಲಿ ಮೊದಲನೆಯದು ನಮ್ಮ ಕೈಯಲ್ಲಿಲ್ಲ, ಎರಡನೆಯದು ಇದೆ. ಸಕ್ಕರೆ ಉಣಿಸಿದರೆ ಆಮ್ಲ ಮಾಡುವವು, ಸೊಪ್ಪು ಉಣಿಸಿದರೆ ನೈಟ್ರೇಟ್ ಬಳಸುವವು ಬಲಿಯುತ್ತವೆ. ಬೆಲ್ಲದ ಪಾಕದಲ್ಲಿ ರೈಜೋಬಿಯಂ ಕಲಸಿ ಬೀಜಕ್ಕೆ ಹಚ್ಚುವ ರೈತರಿಗೆ ಬೆಲ್ಲ ಬ್ಯಾಕ್ಟೀರಿಯಾಕ್ಕೆ ಎಷ್ಟು ಪ್ರಿಯವೆಂದು ಹೇಳಬೇಕಾಗಿಲ್ಲ.

ಜೈವಿಕ ಗೊಬ್ಬರದ ಪೊಟ್ಟಣ ಕೊಳ್ಳುವಾಗ ನೋಡುವುದನ್ನೇ ಇಲ್ಲಿಯೂ ನೋಡಬೇಕು. ರಸಗೊಬ್ಬರ ನಿಯಂತ್ರಣ ಆದೇಶದಂತೆ ರೈಜೋಬಿಯಂ ಪುಡಿಯಲ್ಲಿ ಗ್ರಾಮಿಗೆ ಕನಿಷ್ಠ 5 ಕೋಟಿ ಜೀವಕೋಶಗಳಿರಬೇಕು. ಪ್ರೊಬಯಾಟಿಕ್ ಆಹಾರಕ್ಕೂ ದಿನದ ಪ್ರಮಾಣದಲ್ಲಿ 10 ಕೋಟಿ ಜೀವಂತ ಕೋಶಗಳಿರಬೇಕೆಂಬ ನಿಯಮವಿದೆ. ಪೇಸ್ಟಿನ ಕೊಳವೆಯ ಮೇಲೆ ತಳಿಯ ಪೂರ್ಣ ಹೆಸರು, ಜೀವಂತವೋ ಸತ್ತದ್ದೋ ಎಂಬ ವಿವರ, ಸಂಖ್ಯೆ, ಅವಧಿ ಮುಗಿಯುವ ತಾರೀಖು ಇಲ್ಲದಿದ್ದರೆ ಹೆಚ್ಚಿನ ಬೆಲೆ ಕೊಡಲು ಕಾರಣವಿಲ್ಲ. ಗಂಭೀರ ಕಾಯಿಲೆಯಿಂದ ರೋಗನಿರೋಧಕ ಶಕ್ತಿ ಕುಂದಿದವರು ಜೀವಂತ ಬ್ಯಾಕ್ಟೀರಿಯಾ ಇರುವ ಪದಾರ್ಥಗಳನ್ನು ವೈದ್ಯರನ್ನು ಕೇಳದೆ ಬಳಸಬಾರದು.

ಎಲ್ಲಕ್ಕಿಂತ ಮುಖ್ಯವಾಗಿ ಫ್ಲೋರೈಡ್ ಇದೆಯೇ ಎಂದು ನೋಡಬೇಕು. ಈ ಹೊಸ ಪೇಸ್ಟುಗಳಲ್ಲಿ ಅನೇಕವು ಫ್ಲೋರೈಡ್ ಇಲ್ಲದವು. ಹುಳುಕು ತಡೆಯುವುದರಲ್ಲಿ ದಶಕಗಳ ಪ್ರಯೋಗಗಳಿಂದ ದೃಢಪಟ್ಟಿರುವುದು ಫ್ಲೋರೈಡ್ ಪೇಸ್ಟು; ಅದನ್ನು ಬಿಟ್ಟು ಇದನ್ನು ಹಿಡಿದ ಮಗುವಿನ ಹಲ್ಲಿಗೆ ನಷ್ಟವೇ ಹೆಚ್ಚು. ಇದ್ದಿಲು, ಇಟ್ಟಿಗೆ ಪುಡಿಗಳಿಂದ ಉಜ್ಜಿದರೆ ಹಲ್ಲು ಸವೆಯುತ್ತದೆ. ಬೇವಿನ ಕಡ್ಡಿ ಪಾಚಿ ತೆಗೆಯುತ್ತದೆ, ಆದರೆ ಫ್ಲೋರೈಡ್ ಕೊಡುವುದಿಲ್ಲ. ಮೊಸರಿನ ಬ್ಯಾಕ್ಟೀರಿಯಾವೂ ಹಲ್ಲಿನ ಮೇಲೆ ನೆಲೆಸುವುದಿಲ್ಲ; ಸಕ್ಕರೆ ಹಾಕದ ಮೊಸರು ಸುಣ್ಣಾಂಶಕ್ಕಾಗಿ ಒಳ್ಳೆಯದು, ಹೆಪ್ಪು ಹಾಕಲು ಖರ್ಚೂ ಇಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಆಳವಾದ ಕೊಳವೆಬಾವಿಗಳಲ್ಲಿ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಅಲ್ಲಿ ಎಷ್ಟೋ ಕಡೆ ನೀರಿನಲ್ಲೇ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದ್ದು, ಮಕ್ಕಳ ಹಲ್ಲುಗಳಲ್ಲಿ ಕಂದು ಮಚ್ಚೆ ಕಾಣುತ್ತದೆ. ಅಂತಹ ಊರುಗಳಲ್ಲಿ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ, ಎಳೆಯ ಮಕ್ಕಳಿಗೆ ಯಾವ ಪೇಸ್ಟು ಎಂಬುದನ್ನು ದಂತವೈದ್ಯರನ್ನು ಕೇಳಿ ನಿರ್ಧರಿಸಬೇಕು. ಉಳಿದೆಡೆ ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಅನಂತರ ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ದೊಡ್ಡವರು ಹತ್ತಿರ ನಿಂತು, ನುಂಗದೆ ಉಗಿಯುವುದನ್ನು ಕಲಿಸಬೇಕು. ರಾತ್ರಿ ಮಲಗುವ ಮುನ್ನ ಉಜ್ಜುವುದನ್ನು ತಪ್ಪಿಸಬಾರದು. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಕಡಿಮೆಯಾಗುವುದರಿಂದ ಹಲ್ಲಿನ ಮೇಲೆ ಉಳಿದ ಸಿಹಿ ಹುಳಿಯಾಗಿ ಹೆಚ್ಚು ಹೊತ್ತು ನಿಲ್ಲುತ್ತದೆ.