ಎಳೆಯರ ಕೂಟದಲ್ಲಿ ಆಟ ಮತ್ತು ಕೈಗೆಲಸ

ಬಾಲಚರ ದಳದ ದೊಡ್ಡ ಹುಡುಗರಿಗೆ ಬಿಡಾರವುಂಟು, ದೂರದ ನಡಿಗೆಯುಂಟು. ‘ಕಬ್’ ಎನ್ನಿಸಿಕೊಳ್ಳುವ 10 ವರ್ಷದೊಳಗಿನ ಎಳೆಯರಿಗೆ ಏನುಂಟು? ಇವರಿಗಾಗಿ ಬೇಡನ್ ಪೊವೆಲರು 1916ರಲ್ಲಿ ಕೈಪಿಡಿಯೊಂದನ್ನು ಬರೆದಾಗ ಕಿಪ್ಲಿಂಗನ ಕಾಡಿನ ಕಥೆಗಳನ್ನೇ ಆಧಾರವಾಗಿ ಹಿಡಿದರು. ಮಗುವಿಗೆ ನಿಯಮಕ್ಕಿಂತ ಮೊದಲು ಕಥೆ ಬೇಕು.

ಆದುದರಿಂದ ಒಂದು ಸಂಜೆಗೆ ಒಂದೇ ವಿಷಯವನ್ನು ಆರಿಸುವುದು ಲೇಸು. ಸಂತೆಯನ್ನೇ ತೆಗೆದುಕೊಳ್ಳೋಣ. ಕಿಪ್ಲಿಂಗನ ‘ಕಿಮ್’ ಕಾದಂಬರಿಯಿಂದ ಬಂದ ಆಟವೊಂದಿದೆ: ತಟ್ಟೆಯಲ್ಲಿರುವ ವಸ್ತುಗಳನ್ನು ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚಿ, ಅವುಗಳ ಹೆಸರು ಕೇಳುವುದು. ಎಳೆಯರಿಗೆ 10 ವಸ್ತುಗಳು ಸಾಕು: ಲವಂಗ, ಜೀರಿಗೆ, ಹುಣಿಸೆ, ಅರಿಸಿನದ ಕೊಂಬು, ಹೀಗೆ. ಎರಡನೆಯ ಸುತ್ತಿನಲ್ಲಿ ಕಣ್ಣು ಕಟ್ಟಿ, ಮೂಗಿನಿಂದಲೇ ಗುರುತಿಸಹೇಳಬೇಕು. ಇಂಗಿನ ಸರದಿ ಬಂದಾಗ ಆ ಮುಖಗಳನ್ನು ನೋಡಬೇಕು!

ಸಂತೆಯೆಂದ ಮೇಲೆ ತಕ್ಕಡಿ ಬೇಡವೆ? ಎರಡು ತೆಂಗಿನ ಚಿಪ್ಪುಗಳು, ಒಂದು ಕಡ್ಡಿ, ಹುರಿ. ಚಿಪ್ಪಿಗೆ ಮೂರು ಮೂರು ತೂತುಗಳನ್ನು ಮಾತ್ರ ಹಿರಿಯರು ಕೊರೆದಿಡಲಿ. ಕಟ್ಟಿ ಎತ್ತಿದಾಗ ಒಂದು ಕಡೆ ವಾಲುವುದು ಖಂಡಿತ. ನಡುವಣ ದಾರವನ್ನು ಭಾರವಾದ ಕಡೆಗೆ ಸ್ವಲ್ಪ ಸರಿಸಿದರೆ ಕಡ್ಡಿ ಸಮನಾಗುತ್ತದೆ. ಇದನ್ನು ಮಗು ತಾನೇ ಕಂಡುಕೊಳ್ಳುವವರೆಗೆ ನಾವು ಕೈಕಟ್ಟಿ ಕುಳಿತಿರಬೇಕು. ಇದು ತಕ್ಕಡಿ ಮಾಡುವುದಕ್ಕಿಂತ ಕಷ್ಟ. ಪ್ರದರ್ಶನದ ಮೇಜಿಗೆಂದು ಹಿರಿಯರು ತಿದ್ದಿ ಕೊಟ್ಟ ತಕ್ಕಡಿಯಲ್ಲಿ ಮಗುವಿನದು ಹೆಸರೊಂದೇ.

ಸೋತವನನ್ನು ಹೊರಗೆ ಕೂರಿಸುವ ಆಟಗಳೂ ನಮಗೆ ಒಪ್ಪಿಗೆಯಿಲ್ಲ. ಮೊದಲು ಹೊರಬೀಳುವವನು ಸಾಮಾನ್ಯವಾಗಿ ನಿಧಾನಿ. ಆಟ ಹೆಚ್ಚು ಬೇಕಾದವನೂ ಅವನೇ. ಅವನ ಕೈಗೆ ತಕ್ಕಡಿ ಕೊಟ್ಟು ಹುಣಿಸೆಬೀಜ ತೂಗಹೇಳಿ, ಮುಂದಿನ ಸುತ್ತಿಗೆ ಮತ್ತೆ ಕರೆದುಕೊಳ್ಳಬಹುದು.