ನಲವತ್ತು ಕಿಲೋಮೀಟರಿನ ತೋಪು, ಗಲ್ಲಿಯ ಆಟ

ಗುಜರಾತಿನ ಹಜೀರಾದಲ್ಲಿ ಎಲ್ ಆ್ಯಂಡ್ ಟಿ ತಯಾರಿಸುವ ಕೆ9 ವಜ್ರ ನೋಡುವ ಕಣ್ಣಿಗೆ ಟ್ಯಾಂಕೇ. ಚೈನಿನ ಮೇಲೆ ಉರುಳುವ ಮೈ, ಸುತ್ತ ತಿರುಗುವ ಗೋಪುರ, ಮುಂದಕ್ಕೆ ಚಾಚಿದ ಉದ್ದ ನಳಿಗೆ. ಕಸುಬು ಮಾತ್ರ ಪೂರ್ತಿ ಬೇರೆ. ದಕ್ಷಿಣ ಕೊರಿಯಾ ಮೂಲದ, ಸುಮಾರು 47 ಟನ್ ತೂಕದ ಈ ಹೊವಿಟ್ಜರ್ 155 ಮಿ.ಮೀ. ಶೆಲ್ಲನ್ನು ಗುಡ್ಡದಾಚೆಗೆ, ಸುಮಾರು 40 ಕಿಲೋಮೀಟರಿನವರೆಗೂ ಎಸೆಯಬಲ್ಲದು. 15 ಸೆಕೆಂಡಿನಲ್ಲಿ ಮೂರು ಶೆಲ್ ಹಾರಿಸಿ, ಎದುರಾಳಿ ಲೆಕ್ಕ ಹಾಕಿ ತಿರುಗಿ ಹೊಡೆಯುವಷ್ಟರಲ್ಲಿ ಜಾಗ ಖಾಲಿ ಮಾಡುತ್ತದೆ. ಅದರ ಕವಚ ತಡೆಯುವುದು ಶೆಲ್ ಚೂರುಗಳನ್ನು, ಮಷಿನ್ ಗನ್ನಿನ ಗುಂಡುಗಳನ್ನು, ಟ್ಯಾಂಕಿನ ಏಟನ್ನಲ್ಲ.

‘ವಾರ್ ಥಂಡರ್’ ಎಂಬ ಆನ್‌ಲೈನ್ ಯುದ್ಧದಾಟದಲ್ಲಿ ಕೆ9ರ ನಾರ್ವೆ ಆವೃತ್ತಿ ‘ವಿದಾರ್’ ಎಂಬ ಹೆಸರಿನಲ್ಲಿ ಸ್ವೀಡನ್ನಿನ ಪಟ್ಟಿಯಲ್ಲಿದೆ. ಅಲ್ಲಿ ಅದು ಗೋಡೆಯ ಮರೆಯಲ್ಲಿ ಹೊಂಚು ಹಾಕುತ್ತದೆ. ತಿರುವಿನಲ್ಲಿ ಟ್ಯಾಂಕಿನ ಮೂತಿ ಕಂಡರೆ ಒಂದೇ ಶೆಲ್. ತಗಲುವ ಕಡೆ ತಗಲಿದರೆ ಸ್ಫೋಟದ ಒತ್ತಡಕ್ಕೆ ಒಳಗಿನವರೆಲ್ಲ ಮುಗಿದರು. ಗುರಿ ತಪ್ಪಿತೋ, ಮುಂದಿನ ಶೆಲ್ ತುಂಬುವಷ್ಟರಲ್ಲಿ ಸಣ್ಣ ಫಿರಂಗಿಯ ವಾಹನವೂ ಇದರ ತೆಳುಮೈಯನ್ನು ಜರಡಿ ಮಾಡುತ್ತದೆ. ತಮಾಷೆಯೆಂದರೆ, ಅದೇ ಪಂದ್ಯದಲ್ಲಿ ಟ್ಯಾಂಕ್ ಓಡಿಸುವ ಆಟಗಾರ ನಕ್ಷೆ ತೆರೆದು ಒಂದು ಜಾಗ ಒತ್ತಿದರೆ ಸಾಕು, ಕೆಲವು ಸೆಕೆಂಡಿನಲ್ಲಿ ಅಲ್ಲಿ ಶೆಲ್ಲುಗಳು ಸುರಿಯುತ್ತವೆ. ಹೊವಿಟ್ಜರಿನ ನಿಜವಾದ ಕೆಲಸವನ್ನು ನಕ್ಷೆಯಾಚೆಯ, ಹೆಸರಿಲ್ಲದ ತೋಪುಗಳು ಮಾಡುತ್ತವೆ. ಹೆಸರಿರುವ ಹೊವಿಟ್ಜರ್ ಗಲ್ಲಿ ಕಾಯುತ್ತದೆ.

ಇದು ವಾಸ್ತವಕ್ಕೆ ದ್ರೋಹವಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಆದರೆ ಮಾಡಲೇಬೇಕಾದ ದ್ರೋಹ. ‘ವರ್ಲ್ಡ್ ಆಫ್ ಟ್ಯಾಂಕ್ಸ್’ ಎಂಬ ಮತ್ತೊಂದು ಆಟ ಬೇರೆ ದಾರಿ ಹಿಡಿದು, ಫಿರಂಗಿ ಆಟಗಾರನಿಗೆ ಆಕಾಶದಿಂದ ಕೆಳಗೆ ನೋಡುವ ದೃಷ್ಟಿ ಕೊಟ್ಟಿತು. ಎಲ್ಲಿಂದ ಬಂತೆಂದೇ ತಿಳಿಯದ ಏಟು ತಿಂದವರ ಗೊಣಗಾಟ ವರ್ಷಗಟ್ಟಲೆ ನಿಲ್ಲಲಿಲ್ಲ. ಕೊನೆಗೆ 2017ರಲ್ಲಿ ಶೆಲ್ಲಿನ ಹಾನಿ ತಗ್ಗಿಸಿ, ಬದಲಿಗೆ ಎದುರಾಳಿಯನ್ನು ಕೆಲಹೊತ್ತು ಮಂಕಾಗಿಸುವ ಗುಣ ಸೇರಿಸಿ, ತಂಡಕ್ಕೆ ಮೂರೇ ಎಂಬ ಮಿತಿ ಹಾಕಬೇಕಾಯಿತು. ತಿರುಗಿ ಹೊಡೆಯಲು ಅವಕಾಶ ಕೊಡದಿರುವುದೇ ಫಿರಂಗಿದಳದ ಜಾಣತನ. ಆಟದಲ್ಲಿ ಅದೇ ಅನ್ಯಾಯ. ಹಾಗಾಗಿ ತೆಳು ಕವಚ, ದೊಡ್ಡ ಶೆಲ್ಲುಗಳನ್ನು ಉಳಿಸಿಕೊಂಡು ದೂರವನ್ನು ಬಿಟ್ಟುಕೊಟ್ಟ ‘ವಾರ್ ಥಂಡರ್’ ದಾರಿಯೇ ನನಗೆ ಒಪ್ಪಿಗೆ.

ಆಟವನ್ನು ಆಟವೆಂದು ಬಿಟ್ಟುಬಿಡಿ ಎಂಬ ಮಾತನ್ನು ಮಾತ್ರ ಅಷ್ಟು ಸುಲಭವಾಗಿ ಒಪ್ಪಲಾಗದು. ಇಂಥ ಆಟಗಳಿಂದಲೇ ಶಸ್ತ್ರಾಸ್ತ್ರದ ತಿಳಿವಳಿಕೆ ಪಡೆಯುವ ಹುಡುಗರಿಗೆ ಯುದ್ಧವೆಂದರೆ ಟ್ಯಾಂಕುಗಳ ಮುಖಾಮುಖಿ ಎಂಬ ಭಾವನೆ ಬೇರೂರುತ್ತದೆ. ವಾಸ್ತವ ಹಾಗಿಲ್ಲ. 2010ರ ನವೆಂಬರ್ 23ರಂದು ದಕ್ಷಿಣ ಕೊರಿಯಾದ ಯಾನ್‌ಪ್ಯಾಂಗ್ ದ್ವೀಪದ ಮೇಲೆ ಉತ್ತರ ಕೊರಿಯಾ ಶೆಲ್ ದಾಳಿ ನಡೆಸಿದಾಗ ಅಲ್ಲಿದ್ದ ಕೆ9ಗಳು ಸುಮಾರು 13 ನಿಮಿಷದಲ್ಲಿ ಉತ್ತರ ಕೊಡಲು ಶುರುಮಾಡಿ, ಒಟ್ಟು 80 ಶೆಲ್ ಹಾರಿಸಿದವು. ಹೊಡೆದದ್ದು ಸಮುದ್ರದಾಚೆಗೆ, ನಕ್ಷೆಯ ಮೇಲಿನ ಅಂಕಿಗಳನ್ನು ನಂಬಿ. ಆ 13 ನಿಮಿಷ ಹೆಚ್ಚಾಯಿತೇ ಎಂಬುದೇ ಆಮೇಲೆ ಚರ್ಚೆಯಾಯಿತು. ಆಟದಲ್ಲಾದರೋ ಅಷ್ಟು ಹೊತ್ತಿಗೆ ಪಂದ್ಯವೇ ಮುಗಿಯುವ ಹಂತಕ್ಕೆ ಬಂದಿರುತ್ತದೆ.

ಭಾರತೀಯ ಸೇನೆ 2017ರ ಒಪ್ಪಂದದಂತೆ 100 ವಜ್ರಗಳನ್ನು ಪಡೆದು, ರಾಜಸ್ಥಾನದ ಮರಳಿಗೆಂದು ಕೊಂಡವುಗಳನ್ನು ಲಡಾಖಿನ ಎತ್ತರಕ್ಕೂ ಏರಿಸಿತು. 2024ರ ಡಿಸೆಂಬರಿನಲ್ಲಿ ಇನ್ನೂ 100ಕ್ಕೆ ಒಪ್ಪಂದವಾಗಿದೆ. ಟ್ಯಾಂಕಿಗೆ ಎದೆಯೊಡ್ಡಿ ನಿಲ್ಲಲಿ ಎಂದು ಇವುಗಳಲ್ಲಿ ಒಂದನ್ನೂ ಕೊಂಡಿಲ್ಲ.