ದೀರ್ಘ ರಜೆಯೋ, ಕಿರುಪ್ರವಾಸವೋ?

ಪ್ರವಾಸವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಕಾಶ್ಮೀರ, ಕಾಶಿ, ರಾಮೇಶ್ವರಗಳಂಥ ದೂರದ ಊರು ಮತ್ತು ಹದಿನೈದು ದಿನಗಳ ಬಿಡುವು. ಇಂಥ ರಜೆ ಎಲ್ಲರಿಗೂ ದೊರೆಯುವಂಥದಲ್ಲ. ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಕಡೆಗಿರುವ ಅಡರಕಟ್ಟಿಯಂಥ ಊರಿನಲ್ಲಿ ಬಿತ್ತನೆ, ಕಳೆ, ಸುಗ್ಗಿ ಎಂದು ವರ್ಷವಿಡೀ ದುಡಿಯುವ ಒಕ್ಕಲು ಮನೆತನವು ದನಕರುಗಳನ್ನು ಬಿಟ್ಟು ಎರಡು ವಾರ ಹೊರಡುವುದು ಹೇಗೆ ಸಾಧ್ಯ? ಹಾಗಾದರೆ ಅವರ ಪಾಲಿಗೆ ನಿಜವಾದ ವಿಶ್ರಾಂತಿಯೇ ಇಲ್ಲವೇ? ರಜೆ ಉದ್ದವಾದಷ್ಟೂ ಅದರ ಫಲ ಹೆಚ್ಚುತ್ತದೆಯೇ? ಇದು ಅಳೆದು ನೋಡಬಹುದಾದ ಪ್ರಶ್ನೆ. ಅಳೆದು ನೋಡಿದವರೂ ಇದ್ದಾರೆ.

ನೆದರ್ಲೆಂಡ್ಸ್ ದೇಶದಲ್ಲಿ 1,530 ಮಂದಿ ವಯಸ್ಕರನ್ನು ವಿಚಾರಿಸಿ ನಡೆಸಿದ ಒಂದು ಅಧ್ಯಯನವು 2010ರಲ್ಲಿ ಪ್ರಕಟವಾಯಿತು. ಪ್ರವಾಸಕ್ಕೆ ಹೊರಡಲಿರುವವರು ಮನೆಯಲ್ಲೇ ಉಳಿದವರಿಗಿಂತ ಹೆಚ್ಚು ಸಂತೋಷವಾಗಿದ್ದರು. ಆದರೆ ಹಿಂದಿರುಗಿದ ಮೇಲೆ ಅತ್ಯಂತ ನೆಮ್ಮದಿಯ ಪ್ರವಾಸ ಮಾಡಿದವರ ಹೊರತು ಉಳಿದವರಲ್ಲಿ ಅಂಥ ವ್ಯತ್ಯಾಸ ಕಂಡುಬರಲಿಲ್ಲ. ಅದೇ ದೇಶದ ಸಂಶೋಧಕಿ ಜೆಸ್ಸಿಕಾ ಡಿ ಬ್ಲೂಮ್ ಮತ್ತು ಸಂಗಡಿಗರು ಸರಾಸರಿ 23 ದಿನ ರಜೆ ಪಡೆದ 54 ಉದ್ಯೋಗಿಗಳ ಸ್ಥಿತಿಯನ್ನು ರಜೆಗೆ ಮೊದಲು, ರಜೆಯ ನಡುವೆ ಮತ್ತು ರಜೆಯ ನಂತರ ಗುರುತಿಸಿದರು. ಅವರ ಉಲ್ಲಾಸವು ಎಂಟನೆಯ ದಿನದ ಹೊತ್ತಿಗೆ ಶಿಖರವನ್ನು ಮುಟ್ಟಿತು. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲಿಯೇ ಹಳೆಯ ಮಟ್ಟಕ್ಕೆ ಇಳಿಯಿತು. ನಾಲ್ಕೈದು ದಿನಗಳ ಕಿರುರಜೆಯನ್ನು ಇದೇ ರೀತಿ ಪರೀಕ್ಷಿಸಿದಾಗಲೂ ಉಲ್ಲಾಸ ಏರಿತು, ಬೇಗನೆ ಇಳಿಯಿತು. ಅಂದರೆ ರಜೆಯನ್ನು ಐದು ಪಾಲು ಹಿಗ್ಗಿಸಿದರೆ ಫಲವೂ ಐದು ಪಾಲು ಹಿಗ್ಗುವುದಿಲ್ಲ.

ಇದನ್ನು ತಿಳಿಯಲು ಪಂಚಮಿಯ ಜೋಕಾಲಿಯನ್ನು ನೋಡೋಣ. ಜೋಕಾಲಿಯನ್ನು ಒಮ್ಮೆ ಬಲವಾಗಿ ನೂಕಿ ಕೈಬಿಟ್ಟೆವೆನ್ನಿ. ಗಾಳಿಯ ತಡೆಯಿಂದಲೂ ಹಗ್ಗದ ಘರ್ಷಣೆಯಿಂದಲೂ ಅದರ ಶಕ್ತಿ ಸೋರುತ್ತ ಹೋಗುತ್ತದೆ. ಪ್ರತಿ ತೂಗಿನಲ್ಲಿಯೂ ಅದು ತನ್ನ ಹರವಿನ ಹತ್ತನೆಯ ಒಂದು ಪಾಲನ್ನು ಕಳೆದುಕೊಳ್ಳುವುದೆಂದು ಭಾವಿಸಿದರೆ, ಮೊದಲು 10 ಅಡಿಯಿದ್ದ ತೂಗು ಮುಂದೆ 9 ಅಡಿ, ಆಮೇಲೆ 8.1 ಅಡಿಯಾಗುತ್ತ ಏಳನೆಯ ಸಲಕ್ಕೆ 5 ಅಡಿಗಿಂತ ಕಡಿಮೆಯಾಗುತ್ತದೆ. ತೂಗು ದೊಡ್ಡದಿದ್ದಾಗಲೇ ನಷ್ಟವೂ ದೊಡ್ಡದು. ಇದಕ್ಕೆ ಬದಲಾಗಿ, ಜೋಕಾಲಿ ನಮ್ಮ ಕಡೆಗೆ ಬಂದು ತಿರುಗುವ ಹೊತ್ತಿಗೆ ಸರಿಯಾಗಿ ಕಳೆದುಹೋದ ಒಂದು ಅಡಿಯಷ್ಟನ್ನು ಕೂಡಿಸುವ ಸಣ್ಣ ನೂಕು ಕೊಟ್ಟರೆ, ಅದು ದಿನವಿಡೀ 10 ಅಡಿಯಷ್ಟೇ ತೂಗುತ್ತಿರುತ್ತದೆ. ಮನುಷ್ಯನ ಮನಸ್ಸು ಜೋಕಾಲಿಯಲ್ಲವೆಂಬುದು ನಿಜ. ಆದರೂ ಅಳತೆಗಳು ತೋರಿಸಿದ ಏರಿಳಿತ ಈ ಹೋಲಿಕೆಗೆ ತಕ್ಕಂತಿದೆ. ಬೇಗ ಕರಗುವ ವಸ್ತುವನ್ನು ಒಮ್ಮೆಗೇ ಕೂಡಿಡುವುದಕ್ಕಿಂತ ಆಗಾಗ ತುಂಬಿಕೊಳ್ಳುವುದೇ ಲೇಸು.

ನಮ್ಮ ಒಕ್ಕಲುತನದ ಪಂಚಾಂಗ ಈ ತತ್ತ್ವವನ್ನು ಹೆಸರಿಸದೆಯೇ ಪಾಲಿಸುತ್ತ ಬಂದಿದೆ. ಎತ್ತುಗಳನ್ನು ಸಾಕಿರುವ ಅನೇಕರು ಸೋಮವಾರ ಅವುಗಳನ್ನು ನೊಗಕ್ಕೆ ಹೂಡುವುದಿಲ್ಲ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದು ಉಂಡಿ ತಿಂದು, ಜೋಕಾಲಿ ಆಡಿ ನಾಲ್ಕು ದಿನ ಹಗುರಾಗುತ್ತಾರೆ. ಶೀಗಿ ಹುಣ್ಣಿಮೆಗೂ ಎಳ್ಳಮಾವಾಸ್ಯೆಗೂ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಕೂಡಿ ಉಂಡು ಮರಳುತ್ತಾರೆ. ದಿನನಿತ್ಯ ಬೆವರು ಸುರಿಸುವ ಹೊಲವೇ ಅಂದು ವಿಹಾರದ ತಾಣವಾಗುತ್ತದೆ.

ಆದರೆ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು ದೂರದ ಲೆಕ್ಕ. ಮೂರು ದಿನದ ಬಿಡುವಿನಲ್ಲಿ ಎರಡು ದಿನ ರೈಲಿನಲ್ಲಿಯೇ ಕಳೆದರೆ ಉಳಿಯುವುದು ಆಯಾಸ ಮಾತ್ರ. ಆದ್ದರಿಂದ ಕಿರುಪ್ರವಾಸಕ್ಕೆ ಹತ್ತಿರದ ಸ್ಥಳವೇ ತಕ್ಕುದು. ದೂರದ ನಾಡನ್ನು ಕಾಣಬೇಕಾದರೆ ದೀರ್ಘ ರಜೆಯೇ ಬೇಕು. ಎರಡನೆಯದು ಒಟ್ಟು ರಜೆಯ ಲೆಕ್ಕ. ಫಿನ್ಲೆಂಡಿನಲ್ಲಿ 1974-75ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಹೃದ್ರೋಗದ ಅಪಾಯವಿದ್ದ 1,222 ಮಂದಿ ಪುರುಷ ಅಧಿಕಾರಿಗಳನ್ನು ಗಮನಿಸಲಾಯಿತು. ಅವರಲ್ಲಿ ಆರೋಗ್ಯದ ಸಲಹೆ ಪಡೆದ ಗುಂಪಿನಲ್ಲಿ, ವರ್ಷಕ್ಕೆ ಮೂರು ವಾರ ಅಥವಾ ಅದಕ್ಕಿಂತ ಕಡಿಮೆ ರಜೆ ಪಡೆದವರು 2004ರೊಳಗೆ ತೀರಿಕೊಂಡ ಪ್ರಮಾಣವು ಹೆಚ್ಚು ರಜೆ ಪಡೆದವರಿಗಿಂತ ಶೇಕಡಾ 37ರಷ್ಟು ಅಧಿಕವಾಗಿತ್ತು. ಇದೊಂದರಿಂದಲೇ ಕಾರಣವನ್ನು ನಿರ್ಧರಿಸಲಾಗದು. ಆದರೂ ರಜೆಯನ್ನು ಹಂಚಿಕೊಳ್ಳುವುದು ಬೇರೆ, ಕಡಿತಗೊಳಿಸುವುದು ಬೇರೆ ಎಂಬುದನ್ನು ಮರೆಯಬಾರದು. ದುಡಿಸಿಕೊಳ್ಳುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಅಡರಕಟ್ಟಿಯ ಸುತ್ತ ಹತ್ತಿರದ ಸ್ಥಳಗಳಿಗೆ ಬರವಿಲ್ಲ. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯವಿದೆ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹೋದರೆ ಹಿಮಾಲಯವನ್ನು ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳನ್ನು ಕಾಣಬಹುದು. ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡವಿದೆ. ಗದಗಿನಾಚೆ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ, 1007ರ ಕಾಲದ ಬ್ರಹ್ಮಜಿನಾಲಯವಿದೆ. ಇವುಗಳಲ್ಲಿ ಯಾವುದಕ್ಕಾದರೂ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ಸಂಜೆಗೆ ಮರಳಬಹುದು.

ವಿದ್ಯಾರ್ಥಿಗಳು ಈ ಮಾತನ್ನು ಸುಮ್ಮನೆ ನಂಬಬೇಕಾಗಿಲ್ಲ, ಸ್ವತಃ ಪರೀಕ್ಷಿಸಬಹುದು. ಮೂರು ತಿಂಗಳ ಕಾಲ ಪ್ರತಿ ರಾತ್ರಿ ಮಲಗುವ ಮುನ್ನ ನಿಮ್ಮ ಅಂದಿನ ಉಲ್ಲಾಸಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಟ್ಟು ಬರೆದಿಡಿರಿ. ನಡುವೆ ತಿಂಗಳಿಗೊಂದು ದಿನ ಗೆಳೆಯರೊಡನೆ ಹತ್ತಿರದ ಸ್ಥಳಕ್ಕೆ ಹೋಗಿ ಬನ್ನಿರಿ. ಕೊನೆಗೆ ಚೌಕುಳಿ ಕಾಗದದ ಮೇಲೆ ಅಂಕಗಳ ರೇಖೆಯನ್ನೆಳೆದು, ಅದು ಯಾವಾಗ ಏರಿತು, ಎಷ್ಟು ದಿನಕ್ಕೆ ಇಳಿಯಿತು ಎಂಬುದನ್ನು ನೋಡಿರಿ. ಪರೀಕ್ಷೆಯ ತಿಂಗಳಿನಲ್ಲಿ ಯಾವ ವಾರ ಪುಸ್ತಕ ಮುಚ್ಚಿ ಹೊರಗೆ ಹೋಗಬೇಕೆಂಬುದನ್ನು ಆ ರೇಖೆಯೇ ನಿಮಗೆ ತಿಳಿಸುವುದು.